ಭಾರತದಲ್ಲಿ ಕೌಟುಂಬಿಕ ಹಿಂಸೆ

ಕೌಟುಂಬಿಕ ಹಿಂಸೆ ಅಥವಾ ಕೌಟುಂಬಿಕ ದೌರ್ಜನ್ಯವೆಂದರೆ ಒಂದೇ ಮನೆಯಲ್ಲಿ ಬಾಳುವ ಇಲ್ಲವೇ ಬಾಳಿದ್ದ ಸಂಬಂಧಿಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ನೀಡುವ ದೈಹಿಕ, ಲೈಂಗಿಕ, ಮಾನಸಿಕ ಅಥವಾ ಆರ್ಥಿಕ ಕಿರುಕುಳ. ಭಾರತದಲ್ಲಿ ಇದಕ್ಕೆ ಗುರಿಯಾಗುವವರಲ್ಲಿ ವಿವಾಹಿತ ಮಹಿಳೆಯರೇ ಅಧಿಕ. ಪತ್ನಿಯ ಮೇಲಿನ ಕ್ರೌರ್ಯವು ಪ್ರತ್ಯೇಕ ಅಪರಾಧವೆನಿಸಿದ್ದು 1983ರಲ್ಲಿ.

ಹಿನ್ನೆಲೆ

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆ ಸಣ್ಣಪುಟ್ಟ ಮನಸ್ತಾಪಗಳಿಗೆ ಹೊಂದುವಂಥದು. ಅದನ್ನೇ ಹೊಡೆತ ಬಡಿತಗಳಿಗೂ ಅನ್ವಯಿಸಿ ನೆರೆಹೊರೆಯವರೂ ಪೊಲೀಸರೂ ದೂರ ಉಳಿಯುತ್ತಿದ್ದುದುಂಟು. ಬೀಸುವ ಕಲ್ಲಿನ ಪದಗಳಲ್ಲಿ ಅತ್ತೆಮನೆಯ ಸಂಕಟ, ತವರಿನ ಹಂಬಲಗಳು ಧಾರಾಳವಾಗಿ ಬರುತ್ತವೆ. ಹಾಡಿನ ಆಚೆಗೆ ಅದನ್ನು ಹೇಳಿಕೊಳ್ಳಲು ಹೆಚ್ಚಿನವರಿಗೆ ಸ್ಥಳವಿರಲಿಲ್ಲ.

ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದರೂ ಪದ್ಧತಿ ನಿಲ್ಲಲಿಲ್ಲ. 1970ರ ದಶಕದ ಕೊನೆಯಲ್ಲಿ ದೆಹಲಿಯ ಮಹಿಳಾ ಸಂಘಟನೆಗಳು ವರದಕ್ಷಿಣೆ ಸಾವುಗಳ ವಿರುದ್ಧ ಬೀದಿಗಿಳಿದವು. ಸೀಮೆಎಣ್ಣೆ ಸ್ಟೌ ಸಿಡಿದು ಸತ್ತಳೆಂದು ದಾಖಲಾಗುತ್ತಿದ್ದ ಸೊಸೆಯರ ಸಾವುಗಳು ನಿಜಕ್ಕೂ ಆಕಸ್ಮಿಕವೇ ಎಂಬ ಪ್ರಶ್ನೆ ಆಗ ಎದ್ದಿತು. ಬೆಂಗಳೂರಿನಲ್ಲಿ ಇದೇ ಪ್ರಶ್ನೆಯನ್ನು ಬೆನ್ನುಹತ್ತಿದ ಸಂಘಟನೆ ವಿಮೋಚನಾ.

ಕಾನೂನುಗಳು

1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ಕಲಮು ಸೇರಿತು. ಗಂಡ ಅಥವಾ ಆತನ ಬಂಧುಗಳ ಕ್ರೌರ್ಯಕ್ಕೆ 3 ವರ್ಷಗಳವರೆಗೆ ಸೆರೆವಾಸವನ್ನೂ ದಂಡವನ್ನೂ ಅದು ವಿಧಿಸಿತು. 1986ರಲ್ಲಿ ಬಂದ 304ಬಿ ಕಲಮು ಮದುವೆಯಾದ 7 ವರ್ಷಗಳೊಳಗಿನ ವರದಕ್ಷಿಣೆ ಸಾವಿಗೆ ಸಂಬಂಧಿಸಿದ್ದು. 2024ರ ಜುಲೈ 1ರಿಂದ ಈ ಅಪರಾಧಗಳು ಭಾರತೀಯ ನ್ಯಾಯ ಸಂಹಿತೆಯ ವ್ಯಾಪ್ತಿಯಲ್ಲಿವೆ.

ಗಂಡನನ್ನು ಜೈಲಿಗೆ ಕಳುಹಿಸುವುದಕ್ಕಿಂತ ಹೊಡೆತ ನಿಲ್ಲಬೇಕು, ತಲೆಯ ಮೇಲೊಂದು ಸೂರು ಉಳಿಯಬೇಕು ಎಂಬುದೇ ಅನೇಕ ಮಹಿಳೆಯರ ಬೇಡಿಕೆ. ಇದಕ್ಕೆ ಉತ್ತರವಾಗಿ ಬಂದದ್ದು 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಮೂಲತಃ ಸಿವಿಲ್ ಸ್ವರೂಪದ ಈ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ರಕ್ಷಣೆ, ವಾಸ, ಜೀವನಾಂಶ, ಮಕ್ಕಳ ಸುಪರ್ದಿಗೆ ಸಂಬಂಧಿಸಿದ ಆದೇಶ ನೀಡಬಹುದು. ಮದುವೆಯಾಗದೆ ಸಂಸಾರ ನಡೆಸುವವರಿಗೂ, ಮನೆಯ ತಾಯಿ, ಸೋದರಿಯರಿಗೂ ಇದು ಅನ್ವಯಿಸುತ್ತದೆ. ಆಸ್ತಿಯಲ್ಲಿ ಹಕ್ಕಿಲ್ಲದಿದ್ದರೂ ಮನೆಯಲ್ಲಿ ವಾಸಿಸುವ ಹಕ್ಕು ಮಹಿಳೆಗಿದೆ. ಅತ್ತೆ ಮಾವಂದಿರ ಹೆಸರಿನಲ್ಲಿರುವ ಮನೆಯೂ ಇದರಲ್ಲಿ ಸೇರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಹೇಳಿ, ತನ್ನದೇ 2006ರ ತೀರ್ಪನ್ನು ತಳ್ಳಿಹಾಕಿತು.

498ಎ ದುರುಪಯೋಗವಾಗುತ್ತಿದೆಯೆಂಬ ವಾದವೂ ಪ್ರಬಲವಾಗಿದೆ. ಇಂಥ ಪ್ರಕರಣಗಳಲ್ಲಿ ಯಾಂತ್ರಿಕವಾಗಿ ಬಂಧಿಸಕೂಡದೆಂದು ಅದೇ ನ್ಯಾಯಾಲಯ 2014ರಲ್ಲಿ ಸೂಚಿಸಿತು.

ಸಾಮಾಜಿಕ ಧೋರಣೆ

ಕಾನೂನು ಬದಲಾದಷ್ಟು ವೇಗವಾಗಿ ಮನಸ್ಸುಗಳು ಬದಲಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಾಹಿತರಾದ 18–49 ವಯಸ್ಸಿನ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇ. 29ರಷ್ಟು, ಕರ್ನಾಟಕದಲ್ಲಿ ಶೇ. 44, ಅಂದರೆ ರಾಜ್ಯಗಳಲ್ಲೇ ಅತ್ಯಧಿಕ. ಹಿಂದಿನ ಸಮೀಕ್ಷೆಯಲ್ಲಿ ರಾಜ್ಯದ ಪ್ರಮಾಣ ಶೇ. 21ರಷ್ಟಿತ್ತು. ಹಿಂಸೆ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂಬುದನ್ನು ಅಂಕಿಗಳಿಂದಷ್ಟೇ ನಿರ್ಣಯಿಸಲಾಗದು.

ಹೇಳದೆ ಹೊರಹೋಗುವುದು, ಎದುರು ಮಾತಾಡುವುದು, ಅಡುಗೆ ಕೆಡಿಸುವುದು ಮೊದಲಾದ 7 ಕಾರಣಗಳಲ್ಲಿ ಒಂದಕ್ಕಾದರೂ ಹೆಂಡತಿಯನ್ನು ಹೊಡೆಯುವುದು ಸರಿಯೆಂದವರು ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಶೇ. 77, ಪುರುಷರಲ್ಲಿ ಶೇ. 82. ದೇಶದಾದ್ಯಂತ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ನೆರವು ಕೋರಿದವರು ಶೇ. 14 ಮಾತ್ರ, ಅವರಲ್ಲೂ ಹೆಚ್ಚಿನವರು ಹೋದದ್ದು ಠಾಣೆಗಲ್ಲ, ತಮ್ಮ ಮನೆಯವರ ಬಳಿಗೆ.