ಹಳೆ ಕಾರಿಗೆ ಇನ್ನೆಷ್ಟು ಖರ್ಚು? ಲಂಡನ್‌ನಲ್ಲಿ ರಿಪೇರಿಗೆ ಮುನ್ನ ಹಾಕಬೇಕಾದ ಲೆಕ್ಕ

ಲಂಡನ್: ಗಲ್ಫ್‌ನಿಂದ ಬ್ರಿಟನ್‌ಗೆ ಕೆಲಸ ಬದಲಿಸಿ ಬಂದ ಕುಟುಂಬಗಳು ಮೊದಲು ಕೊಳ್ಳುವುದು ಸಾಮಾನ್ಯವಾಗಿ ಹಳೆ ಕಾರನ್ನೇ. ಹೀಥ್ರೂ ವಿಮಾನ ನಿಲ್ದಾಣದ ಬೆಳಗಿನ ಜಾವದ ಶಿಫ್ಟ್, ಆಸ್ಪತ್ರೆ ಅಥವಾ ಕೇರ್ ಹೋಮ್‌ನ ರಾತ್ರಿ ಪಾಳಿ, ಮಕ್ಕಳ ಶಾಲೆ ಎಲ್ಲದಕ್ಕೂ ಅದೇ ಆಧಾರ. ಮೀಟರ್ 1 ಲಕ್ಷ ಮೈಲಿ, ಅಂದರೆ ಸುಮಾರು 1.6 ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಗ್ಯಾರೇಜ್ ಬಿಲ್ಲು ಒಂದರ ಹಿಂದೆ ಒಂದು ಬರತೊಡಗುತ್ತದೆ. ಯಾವ ರಿಪೇರಿ ಮಾಡಿಸಬೇಕು, ಯಾವುದನ್ನು ಬಿಡಬೇಕು, ಕಾರನ್ನೇ ಯಾವಾಗ ಕೈಬಿಡಬೇಕು ಎಂಬ ನಿರ್ಧಾರ ತಪ್ಪಿದರೆ ಊರಿಗೆ ಕಳಿಸುವ ಹಣಕ್ಕೇ ಕತ್ತರಿ. ಈ ಲೆಕ್ಕವನ್ನು ಯಾವ ಕ್ರಮದಲ್ಲಿ ಹಾಕಬೇಕು ಎಂಬ ವಿವರ ಇಲ್ಲಿದೆ.

ಮೊದಲು ಯುಲೆಝ್, ಆಮೇಲೆ ಎಂಜಿನ್

ಲಂಡನ್‌ನಲ್ಲಿ ಹಳೆ ಕಾರಿನ ಆಯುಷ್ಯವನ್ನು ನಿರ್ಧರಿಸುವುದು ಬರೀ ಮೆಕ್ಯಾನಿಕ್ ಅಲ್ಲ. ಯುಲೆಝ್ ಎಂದು ಕರೆಯುವ ಕಡಿಮೆ ಹೊಗೆಯ ವಲಯ 2019ರ ಏಪ್ರಿಲ್‌ನಲ್ಲಿ ನಗರದ ನಡುಭಾಗದಲ್ಲಿ ಶುರುವಾಯಿತು. 2023ರ ಆಗಸ್ಟ್ 29ರಿಂದ ಲಂಡನ್‌ನ ಎಲ್ಲ ಬರೋಗಳಿಗೂ ಹಬ್ಬಿದೆ. ಹಾಗಾಗಿ ಹೌನ್ಸ್ಲೋ, ಹ್ಯಾರೋ, ಈಸ್ಟ್ ಹ್ಯಾಮ್, ಕ್ರಾಯ್ಡನ್ ಎಲ್ಲಿದ್ದರೂ ತಪ್ಪಿಸಿಕೊಳ್ಳುವಂತಿಲ್ಲ.

ನಿಯಮಕ್ಕೆ ಒಪ್ಪದ ಕಾರು ರಸ್ತೆಗಿಳಿದ ಪ್ರತಿ ದಿನಕ್ಕೂ 12.50 ಪೌಂಡ್ ಕಟ್ಟಬೇಕು. ಕ್ರಿಸ್‌ಮಸ್ ದಿನ ಬಿಟ್ಟರೆ ವರ್ಷವಿಡೀ, 24 ಗಂಟೆಯೂ ಇದು ಜಾರಿಯಲ್ಲಿರುತ್ತದೆ. ಕಟ್ಟಲು ಮರೆತರೆ ದಂಡ 180 ಪೌಂಡ್. 14 ದಿನದೊಳಗೆ ಕಟ್ಟಿದರೆ 90. ದಿನದ ಲೆಕ್ಕ ನಡುರಾತ್ರಿಯಿಂದ ನಡುರಾತ್ರಿಗೆ. ಆದ್ದರಿಂದ ರಾತ್ರಿ ಪಾಳಿಗೆ ಹೋಗಿ ಬೆಳಿಗ್ಗೆ ಮರಳುವವರಿಗೆ ಎರಡು ದಿನದ ಶುಲ್ಕ ಬೀಳುತ್ತದೆ.

ಪೆಟ್ರೋಲ್ ಕಾರಿಗೆ ಯೂರೋ 4, ಡೀಸೆಲ್‌ಗೆ ಯೂರೋ 6 ಮಟ್ಟ ಬೇಕು. ಸಾಮಾನ್ಯವಾಗಿ 2006ರ ನಂತರ ನೋಂದಣಿಯಾದ ಪೆಟ್ರೋಲ್ ಕಾರುಗಳು ಪಾಸಾಗುತ್ತವೆ. ಡೀಸೆಲ್ ಆದರೆ 2015ರ ಸೆಪ್ಟೆಂಬರ್ ನಂತರದ್ದಾಗಿರಬೇಕು. ಅಂದರೆ 2007ರ ಪೆಟ್ರೋಲ್ ಕಾರು ಶುಲ್ಕವಿಲ್ಲದೆ ಓಡುತ್ತದೆ, ಅದಕ್ಕಿಂತ ಹೊಸದಾದ, ನೋಡಲು ಚೆಂದದ 2013ರ ಡೀಸೆಲ್ ಕಾರು ದಿನಾ ದುಡ್ಡು ಕೇಳುತ್ತದೆ. ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ನ ವೆಬ್‌ಸೈಟ್‌ನಲ್ಲಿ ಕಾರಿನ ನಂಬರ್ ಹಾಕಿದರೆ ಉತ್ತರ ಉಚಿತವಾಗಿ ಸಿಗುತ್ತದೆ. ಹಳೆ ಕಾರು ಗುಜರಿಗೆ ಹಾಕಿದರೆ ಹಣ ಕೊಡುತ್ತಿದ್ದ ಮೇಯರ್ ಯೋಜನೆ 2024ರ ಸೆಪ್ಟೆಂಬರ್‌ನಲ್ಲೇ ಮುಗಿದಿದೆ.

ತಿಂಗಳಿಗೆ 22 ದಿನ ಓಡಿಸಿದರೆ ಶುಲ್ಕವೇ 275 ಪೌಂಡ್, ವರ್ಷಕ್ಕೆ 3,300. ಇಂಥ ಕಾರಿಗೆ ದೊಡ್ಡ ರಿಪೇರಿ ಮಾಡಿಸುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿಸಿದ ಹಾಗೆ.

ಎಂಒಟಿ ಚೀಟಿಯೇ ಜಾತಕ

ಗಲ್ಫ್‌ನ ಪಾಸಿಂಗ್ ಇದ್ದಂತೆ ಇಲ್ಲಿ ಎಂಒಟಿ. ಕಾರಿಗೆ 3 ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಪರೀಕ್ಷೆ. ಕಾರಿನ ಗರಿಷ್ಠ ಶುಲ್ಕ 54.85 ಪೌಂಡ್. ಅದಿಲ್ಲದೆ ಓಡಿಸಿದರೆ 1,000 ಪೌಂಡ್‌ವರೆಗೆ ದಂಡ.

2018ರ ಮೇ ತಿಂಗಳಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಎಂದು ವಿಂಗಡಿಸುತ್ತಾರೆ. ಮೊದಲ ಎರಡಕ್ಕೆ ಫೇಲ್. ಇವುಗಳ ಜತೆ ‘ಅಡ್ವೈಸರಿ’ ಎಂಬ ಎಚ್ಚರಿಕೆಯೂ ಇರುತ್ತದೆ: ಈಗ ಸರಿಯಿದೆ, ಮುಂದೆ ತೊಂದರೆ ಕೊಡಬಹುದು ಎಂದು ಅದರರ್ಥ. ಸರ್ಕಾರಿ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿದರೆ ಹಳೆಯ ಪರೀಕ್ಷೆಗಳ ಫಲಿತಾಂಶ, ಅಡ್ವೈಸರಿ, ಮೈಲಿ ಲೆಕ್ಕ ಎಲ್ಲವೂ ಉಚಿತವಾಗಿ ಕಾಣುತ್ತದೆ. ಒಂದೇ ಎಚ್ಚರಿಕೆ ಮೂರು ವರ್ಷದಿಂದ ಮರುಕಳಿಸುತ್ತಿದ್ದರೆ ಮುಂದಿನ ಬಿಲ್ಲು ಯಾವುದೆಂದು ಈಗಲೇ ಗೊತ್ತಾಗುತ್ತದೆ.

ಪರೀಕ್ಷೆಯನ್ನು ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮುಂಚೆಯೇ ಮಾಡಿಸಬಹುದು. ಮುಂದಿನ ವರ್ಷದ ತಾರೀಕು ಬದಲಾಗುವುದಿಲ್ಲ. ಕೊನೆಯ ದಿನಕ್ಕೆ ಹೋಗಿ ಫೇಲಾದರೆ ಸಿಕ್ಕ ಬೆಲೆಗೆ ಒಪ್ಪಿಕೊಳ್ಳಬೇಕಾಗುತ್ತದೆ. ಮುಂಚೆ ಹೋದರೆ ಬೇರೆ ಗ್ಯಾರೇಜ್‌ನಲ್ಲಿ ಬೆಲೆ ವಿಚಾರಿಸಲು ಸಮಯ ಸಿಗುತ್ತದೆ. ಕೆಲವು ಕೌನ್ಸಿಲ್‌ಗಳ ಡಿಪೋಗಳಲ್ಲಿ ಸಾರ್ವಜನಿಕರ ಕಾರಿಗೂ ಎಂಒಟಿ ಮಾಡುತ್ತಾರೆ. ಅಲ್ಲಿ ರಿಪೇರಿ ವ್ಯಾಪಾರ ಇಲ್ಲದ ಕಾರಣ ಇಲ್ಲದ ದೋಷ ಹೇಳುವ ಪ್ರಮೇಯವೂ ಕಡಿಮೆ.

ತಪ್ಪದೆ ಮಾಡಿಸಬೇಕಾದವು

ಬ್ರೇಕ್, ಟೈರ್, ಸ್ಟೀರಿಂಗ್, ಸಸ್ಪೆನ್ಷನ್ ವಿಷಯದಲ್ಲಿ ರಾಜಿ ಇಲ್ಲ. ಟೈರ್ ಎಳೆ ಕನಿಷ್ಠ 1.6 ಮಿಲಿಮೀಟರ್ ಇರಲೇಬೇಕು. ಕಡಿಮೆಯಾದರೆ ಒಂದೊಂದು ಟೈರಿಗೂ 2,500 ಪೌಂಡ್‌ವರೆಗೆ ದಂಡ, ಲೈಸೆನ್ಸ್ ಮೇಲೆ 3 ಪಾಯಿಂಟ್.

ಸಣ್ಣ ಖರ್ಚಿನಲ್ಲಿ ದೊಡ್ಡ ಖರ್ಚು ತಪ್ಪಿಸುವ ಕೆಲಸಗಳೂ ಇದೇ ಪಟ್ಟಿಗೆ ಸೇರುತ್ತವೆ: ಸಮಯಕ್ಕೆ ಎಂಜಿನ್ ಆಯಿಲ್, ಕೂಲಂಟ್, ಎರಡು ವರ್ಷಕ್ಕೊಮ್ಮೆ ಬ್ರೇಕ್ ಫ್ಲೂಯಿಡ್. ಟೈಮಿಂಗ್ ಬೆಲ್ಟ್ ಇರುವ ಕಾರಾದರೆ ಕಂಪನಿ ಹೇಳಿದ ಮೈಲಿ ಅಥವಾ ವರ್ಷ, ಯಾವುದು ಮೊದಲೋ ಆಗ ಬದಲಿಸಬೇಕು. ಅದು ತುಂಡಾದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ.

ಯೋಚಿಸಿ ಮಾಡಿಸಬೇಕಾದವು

ತುಕ್ಕು: ಗಲ್ಫ್‌ನ ಕಾರಿಗೆ ಬಿಸಿಲು ಶತ್ರು, ಇಲ್ಲಿಯ ಕಾರಿಗೆ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು. ಬಾಗಿಲ ಮೇಲಿನ ತುಕ್ಕು ಬರೀ ಅಂದದ ವಿಷಯ. ಆದರೆ ಸಸ್ಪೆನ್ಷನ್, ಸೀಟ್ ಬೆಲ್ಟ್ ಕೂರುವ ಜಾಗದ ಸುತ್ತ 30 ಸೆಂಟಿಮೀಟರ್ ಒಳಗೆ ಲೋಹ ಸವೆದು ಬಲ ಕಳೆದುಕೊಂಡಿದ್ದರೆ ಎಂಒಟಿ ಫೇಲ್. ಒಂದು ಕಡೆ ವೆಲ್ಡಿಂಗ್ ಮಾಡಿಸಿದರೆ ಮರುವರ್ಷ ಇನ್ನೊಂದು ಕಡೆ ತೂತು ಕಾಣುವುದು ಮಾಮೂಲು. ಒಪ್ಪುವ ಮುಂಚೆ ಕಾರನ್ನು ಮೇಲೆತ್ತಿಸಿ ಪೂರ್ತಿ ಅಡಿಭಾಗ ನೋಡುವುದು ಒಳ್ಳೆಯದು.

ಹೆಡ್ ಗ್ಯಾಸ್ಕೆಟ್: ಕೂಲಂಟ್ ಪದೇ ಪದೇ ಕಮ್ಮಿಯಾಗುವುದು, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಇದರ ಲಕ್ಷಣ. ಆಯಿಲ್ ಮುಚ್ಚಳದ ಕೆಳಗೆ ಹಾಲಿನ ಕೆನೆಯಂತಹ ಪದರ ಕಂಡ ಮಾತ್ರಕ್ಕೆ ಗಾಬರಿ ಬೇಡ. ಚಳಿಯಲ್ಲಿ ಬರೀ ಸಣ್ಣ ದೂರ ಓಡಿಸಿದರೂ ಹಾಗಾಗುತ್ತದೆ.

ಎಂಜಿನ್ ಎಚ್ಚರಿಕೆ ದೀಪ: ಉರಿಯುತ್ತಲೇ ಇದ್ದರೆ ಫೇಲ್. ಆದರೆ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಿ ಎಂದ ತಕ್ಷಣ ತಲೆಯಾಡಿಸಬಾರದು. ಸ್ಪಾರ್ಕ್ ಪ್ಲಗ್, ಕಾಯಿಲ್ ಅಥವಾ ಆಕ್ಸಿಜನ್ ಸೆನ್ಸರ್ ಕೆಟ್ಟಿರಬಹುದು. ಅದನ್ನು ಸರಿಮಾಡದಿದ್ದರೆ ಹೊಸ ಕನ್ವರ್ಟರ್ ಕೂಡ ಬೇಗ ಹಾಳು.

ಡೀಸೆಲ್ ಫಿಲ್ಟರ್: ನಗರದೊಳಗೆ ನಿಂತು ನಿಂತು ಓಡುವ ಕಾರಿನಲ್ಲಿ ಮಸಿ ಸುಟ್ಟುಹೋಗುವಷ್ಟು ಶಾಖ ಬರದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದನ್ನು ತೆಗೆದುಬಿಡುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ; 2014ರಿಂದ ಅದು ನೇರ ಫೇಲ್.

ಬಿಡಬಹುದಾದವು: ಗೀರು, ಸಣ್ಣ ತಗ್ಗು, ಬಣ್ಣ, ರೇಡಿಯೋ, ಹಿಂಬಾಗಿಲ ಪವರ್ ವಿಂಡೋ. ಗಲ್ಫ್‌ನಲ್ಲಿ ಏಸಿ ಇಲ್ಲದ ಕಾರು ಯಾರಿಗೂ ಬೇಡ. ಇಲ್ಲಿ ಅದು ಎಂಒಟಿ ಪಟ್ಟಿಯಲ್ಲೇ ಇಲ್ಲ. ಮಳೆಗಾಲದ ಗಾಜಿನ ಮಂಜು ತೆಗೆಯಲು ಉಪಯೋಗ ಉಂಟು, ಆದರೆ ಕಂಪ್ರೆಸರ್ ಬದಲಿಸುವಷ್ಟು ಖರ್ಚು ಹಳೆ ಕಾರಿಗೆ ಬೇಕಿಲ್ಲ.

ಮೂಗು, ಮೂಗುತಿ ಲೆಕ್ಕ

ಕಾರಿನ ಬೆಲೆಗಿಂತ ರಿಪೇರಿ ಹೆಚ್ಚಾದರೆ ‘ಮೂಗಿಗಿಂತ ಮೂಗುತಿ ಭಾರ’ ಎನ್ನುವವರೇ ಹೆಚ್ಚು. ಈ ಮಾತು ಅರ್ಧ ಮಾತ್ರ ನಿಜ. ಹೋಲಿಸಬೇಕಾದ್ದು ಕಾರು ಮಾರಿದರೆ ಸಿಗುವ ಬೆಲೆಯ ಜತೆ ಅಲ್ಲ, ಅದರ ಬದಲಿಗೆ ಇನ್ನೊಂದು ಕೊಳ್ಳಲು ಬೇಕಾಗುವ ಹಣದ ಜತೆ. ಜತೆಗೆ ಕೊಳ್ಳುವ ಹಳೆ ಕಾರಿನ ಗುಟ್ಟು ಗೊತ್ತಿಲ್ಲ. ಕೈಯಲ್ಲಿರುವುದರ ಗುಟ್ಟು ಗೊತ್ತು.

ಉದಾಹರಣೆಗೆ 2008ರ ಪೆಟ್ರೋಲ್ ಕಾರು, ತುಕ್ಕಿಲ್ಲ, ಯುಲೆಝ್ ಪಾಸು, ಮಾರಿದರೆ 1,000 ಪೌಂಡ್ ಎಂದಿಟ್ಟುಕೊಳ್ಳೋಣ. ಬ್ರೇಕ್, ಟೈರ್, ಸಸ್ಪೆನ್ಷನ್‌ಗೆ 700 ಖರ್ಚಾಗಿ ಇನ್ನೊಂದು ವರ್ಷ ಓಡಿದರೆ ತಿಂಗಳಿಗೆ ಬಿದ್ದದ್ದು ಸುಮಾರು 58 ಪೌಂಡ್. ಬೇರೆ ಕಾರಿನ ಸಾಲದ ಕಂತು ಅಷ್ಟಕ್ಕೆ ಸಿಗುವುದು ಕಷ್ಟ. ಅದೇ ಒಂದು 2013ರ ಡೀಸೆಲ್ ಕಾರಿನ ಕ್ಲಚ್‌ಗೆ 900 ಹಾಕಿದರೆ ತಿಂಗಳಿಗೆ 75, ಯುಲೆಝ್ 275, ಒಟ್ಟು 350. ಮೊದಲನೆಯದು ಉಳಿಸುವ ಕಾರು, ಎರಡನೆಯದು ಬಿಡುವ ಕಾರು.

ಒಂದು ಎಚ್ಚರಿಕೆ: ನಿನ್ನೆ ಹಾಕಿದ 700 ಪೌಂಡ್ ಇವತ್ತಿನ ನಿರ್ಧಾರಕ್ಕೆ ಬರಬಾರದು. ‘ಇಷ್ಟು ಹಾಕಿ ಆಯ್ತಲ್ಲ’ ಎಂದು ಮತ್ತೆ ಮತ್ತೆ ಹಾಕುವುದರಲ್ಲೇ ಸಂಬಳ ಕರಗುತ್ತದೆ. ಅಪಘಾತದಲ್ಲಿ ಕಾರು ಪೂರ್ತಿ ಹೋದರೂ ವಿಮೆಯವರು ಲೆಕ್ಕ ಹಿಡಿಯುವುದು ಮಾರುಕಟ್ಟೆ ಬೆಲೆ, ರಿಪೇರಿ ಬಿಲ್ಲನ್ನಲ್ಲ.

ಕೈಬಿಡುವುದೇ ಆದರೆ

ಗುಜರಿಗೆ ಹಾಕುವಾಗ ಅಧಿಕೃತ ಕೇಂದ್ರಕ್ಕೇ ಕೊಡಬೇಕು. ಇಂಗ್ಲೆಂಡ್‌ನಲ್ಲಿ ಗುಜರಿ ಕಾರಿಗೆ ನಗದು ಕೊಡುವುದು ಕಾನೂನುಬಾಹಿರ. ಹಣ ಬ್ಯಾಂಕ್ ಮೂಲಕ ಅಥವಾ ಚೆಕ್‌ನಲ್ಲಿ ಬರಬೇಕು. ನಗದು ಚಾಚುವವನಿಂದ ದೂರ ಇರುವುದೇ ಕ್ಷೇಮ. ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಗೆ ತಿಳಿಸದಿದ್ದರೆ 1,000 ಪೌಂಡ್‌ವರೆಗೆ ದಂಡ ಬೀಳಬಹುದು. ತಿಳಿಸಿದರೆ ರಸ್ತೆ ತೆರಿಗೆಯಲ್ಲಿ ಉಳಿದ ಪೂರ್ಣ ತಿಂಗಳುಗಳ ಹಣ ವಾಪಸ್ ಬರುತ್ತದೆ. ವಿಮೆ ರದ್ದು ಮಾಡಿಸಲು ಮರೆಯಬಾರದು.