ಕತ್ತಿ ಮುಟ್ಟದ ವಸಡು

"ಹಲ್ಲು ಕ್ಲೀನ್ ಮಾಡಿಸಬೇಡಿ, ಸಡಿಲ ಆಗ್ತವೆ" ಎಂಬ ಮಾತು ನಮ್ಮಲ್ಲಿ ಮನೆಮನೆಯದು. ಕಂಡದ್ದು ಸುಳ್ಳಲ್ಲ, ಹೇಳುವ ಕಾರಣ ತಪ್ಪು. ಮೂಳೆ ಸವೆದ ಹಲ್ಲುಗಳನ್ನು ಎಷ್ಟೋ ಸಲ ನಡುವೆ ಕಲ್ಲಾಗಿ ಕೂತ ಕಿಟ್ಟವೇ ಬಿಗಿದು ಹಿಡಿದಿರುತ್ತದೆ. ಅದು ಹೋದಾಗ, ಮೊದಲೇ ಆಗಿದ್ದ ನಷ್ಟ ನಾಲಗೆಗೆ ತಿಳಿಯುತ್ತದೆ. ಊತ ಇಳಿದ ವಸಡು ಸರಿದು ಸಂದು ಕಾಣಿಸುತ್ತದೆ. ಈ ಭಯದಿಂದ ಸ್ಕೇಲಿಂಗ್ ಮುಂದೂಡಿ ಒಳ್ಳೆಯ ಹಲ್ಲು ಕಳೆದುಕೊಂಡವರನ್ನು ಕಂಡರೆ ಸಂಕಟವಾಗುತ್ತದೆ.

ಕಿಟ್ಟ ಕೆರೆಯುವ ವಿದ್ಯೆ ಹಳೆಯದು. ಸಾವಿರ ವರ್ಷದ ಹಿಂದೆಯೇ ಕಾರ್ಡೊಬಾದ ವೈದ್ಯ ಅಲ್ ಜಹ್ರಾವಿ ಅದಕ್ಕೆ ಬೇಕಾದ ಬಗೆಬಗೆಯ ಉಪಕರಣಗಳ ಚಿತ್ರ ಬರೆದಿಟ್ಟಿದ್ದರು. ವಸಡಿನ ರೋಗಕ್ಕೆ ಇದೇ ಚಿಕಿತ್ಸೆ ಎಂದು ಹಟ ಹಿಡಿದವರು ಅಮೆರಿಕದ ಹಾರ್ಟ್‌ಫರ್ಡ್‌ನ ದಂತವೈದ್ಯ ಜಾನ್ ರಿಗ್ಸ್. 1844ರಲ್ಲಿ ನಗೆ ಅನಿಲದ ಮತ್ತಿನಲ್ಲಿದ್ದ ದಂತವೈದ್ಯ ಹೊರೇಸ್ ವೆಲ್ಸ್‌ರ ಹಲ್ಲು ಕಿತ್ತವರೂ ಇವರೇ. ವಸಡು ಕತ್ತರಿಸುವುದನ್ನು ವಿರೋಧಿಸಿ, ಬೇರಿನ ಮೇಲಿನ ಕೊಳೆ ತೆಗೆಯಿರಿ ಎಂದು 1876ರಲ್ಲಿ ಪ್ರಬಂಧ ಬರೆದರು. ಆ ರೋಗಕ್ಕೆ ಬಹುಕಾಲ ಅವರ ಹೆಸರೇ ನಿಂತಿತು, ಅವರ ಮಾತು ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳು ಕತ್ತಿಯವು. ಒಳಗಿನ ಮೂಳೆಯೇ ಕೊಳೆತಿದೆ ಎಂದು ನಂಬಿ ವಸಡು ಬಿಡಿಸಿ ಮೂಳೆ ಕೆರೆಯುತ್ತಿದ್ದರು.

ದಿಕ್ಕು ಬದಲಿಸಿದ್ದು ಡೆನ್ಮಾರ್ಕಿನ ಆರ್‌ಹುಸ್‌ನ ಒಂದು ಸರಳ ಪ್ರಯೋಗ. 1965ರಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಾದ ವಸಡಿನ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಬಾತಿತು. ಬ್ರಶ್ ಮತ್ತೆ ಕೈಗೆ ಬಂದಾಗ ವಾಸಿಯಾಯಿತು. ಹಲ್ಲಿಗಂಟಿದ ಪಾಚಿಯೇ ವಸಡಿನ ಉರಿಯೂತಕ್ಕೆ ಮೂಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆದರೂ ಹಲ್ಲು ಮತ್ತು ವಸಡಿನ ನಡುವೆ ಉಂಟಾಗುವ ಆಳದ ಪಾಕೆಟ್‌ಗೆ ಕತ್ತಿಯೇ ಗತಿ ಎಂಬ ನಂಬಿಕೆ ಉಳಿದಿತ್ತು. ಸ್ವೀಡನ್ನಿನ ಸಂಶೋಧಕರಾದ ಬಾಡರ್‌ಸ್ಟೆನ್, ನಿಲ್ವೆಯುಸ್, ಎಗೆಲ್‌ಬರ್ಗ್ 1981 ಮತ್ತು 1984ರಲ್ಲಿ ಅದನ್ನೂ ಅಲುಗಾಡಿಸಿದರು. ಒಂಟಿ ಬೇರಿನ ಹಲ್ಲುಗಳಲ್ಲಿ 12 ಮಿಲಿಮೀಟರ್ ಆಳದ ಪಾಕೆಟ್‌ಗಳೂ ಬರಿ ಸ್ವಚ್ಛತೆಯಿಂದ ಸುಧಾರಿಸಿದವು. ಕೈ ಉಪಕರಣವಾಗಲಿ ಅಲ್ಟ್ರಾಸಾನಿಕ್ ಆಗಲಿ, ಫಲ ಹೆಚ್ಚುಕಡಿಮೆ ಒಂದೇ. 1982ರಲ್ಲಿ ಸಂಶೋಧಕ ಲಿಂಡೆಯವರ ತಂಡ ಇನ್ನೊಂದು ಎಚ್ಚರಿಕೆ ಕೊಟ್ಟಿತು: ಸುಮಾರು 2.9 ಮಿಲಿಮೀಟರ್‌ಗಿಂತ ಕಡಿಮೆ ಆಳದಲ್ಲಿ ಬೇರು ಕೆರೆದರೆ ಬೇರಿಗೂ ವಸಡಿಗೂ ಇರುವ ಅಂಟು ಉಳಿಯುವ ಬದಲು ಕಳಚುತ್ತದೆ.

ನನಗೆ ಅತಿ ಮುಖ್ಯವೆನಿಸುವುದು ಮುಂದಿನ ತಿದ್ದುಪಡಿ. ಬ್ಯಾಕ್ಟೀರಿಯಾದ ವಿಷ ಬೇರಿನ ಹೊರಪದರವಾದ ಸಿಮೆಂಟಮ್‌ನೊಳಗೆ ಇಂಗಿದೆ ಎಂದುಕೊಂಡು ವೈದ್ಯರು ಬೇರನ್ನು ಗಾಜಿನಷ್ಟು ನುಣುಪಾಗುವವರೆಗೆ ಹೆರೆಯುತ್ತಿದ್ದರು. ಚೂಪು ಕ್ಯೂರೆಟ್ ಗರಗರ ಸದ್ದು ನಿಲ್ಲಿಸಿ ಜಾರತೊಡಗಿದಾಗಲೇ ಬೆರಳಿಗೆ ಸಮಾಧಾನ. 1986ರಲ್ಲಿ ಮೂರ್, ವಿಲ್ಸನ್, ಕೀಸರ್ ಕಿತ್ತ ಹಲ್ಲುಗಳನ್ನು ಪರೀಕ್ಷಿಸಿದರು. ನೀರಲ್ಲಿ ತೊಳೆದು ಒಂದು ನಿಮಿಷ ಬ್ರಶ್ ಮಾಡಿದರೆ ವಿಷದ ಶೇಕಡಾ 99ರಷ್ಟು ಹೋಗುತ್ತಿತ್ತು! ಅದು ಇಂಗಿರಲಿಲ್ಲ, ಮೇಲೆ ಅಂಟಿಕೊಂಡಿತ್ತಷ್ಟೆ. ಸಿಮೆಂಟಮ್ ಹೆರೆದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ರೋಗಿಗಳು ಹೇಳುತ್ತಲೇ ಬಂದಿದ್ದರು. ಇಂದು ಅಲ್ಟ್ರಾಸಾನಿಕ್ ತುದಿ ಕಿಟ್ಟವನ್ನಷ್ಟೇ ಅಲುಗಿಸಿ ಬೇರನ್ನು ಆದಷ್ಟು ಹಾಗೇ ಬಿಡುತ್ತದೆ.

ಆಂಟಿಬಯಾಟಿಕ್, ಲೇಸರ್, ಪಾಕೆಟ್‌ನಲ್ಲಿಡುವ ಚಿಪ್ ಎಲ್ಲವೂ ಬಂದವು. 2020ರ ಯುರೋಪಿನ ಮಾರ್ಗಸೂಚಿ ಲೇಸರನ್ನು ಶಿಫಾರಸು ಮಾಡುವುದಿಲ್ಲ, ಆಂಟಿಬಯಾಟಿಕ್ ಎಲ್ಲರಿಗೂ ಬೇಡ ಎನ್ನುತ್ತದೆ. ಮಧುಮೇಹಿಗಳಲ್ಲಿ ವಸಡಿನ ಚಿಕಿತ್ಸೆಯಿಂದ ರಕ್ತದ ಸಕ್ಕರೆಯ ಅಳತೆಯಾದ ಎಚ್‌ಬಿಎ1ಸಿ ಇಳಿಯುತ್ತದೆ ಎಂಬುದು ಪ್ರಯೋಗಗಳಲ್ಲಿ ಸಾಬೀತಾಗಿದೆ. ಸಕ್ಕರೆ ಕಾಯಿಲೆ ಮನೆಮಾತಾಗಿರುವ ನಮ್ಮ ಊರುಗಳಿಗೆ ಇದು ಬೇಗ ತಲುಪಬೇಕು.

ಕತ್ತಿಗೂ ಜಾಗವಿದೆ. ದವಡೆ ಹಲ್ಲಿನ ಬೇರುಗಳು ಕವಲೊಡೆಯುವ ಕಡೆ ಉಪಕರಣ ತಲುಪದು, ಶುಚಿ ಮಾಡಿದ ಮೇಲೂ 6 ಮಿಲಿಮೀಟರ್ ಅಥವಾ ಹೆಚ್ಚು ಆಳ ಉಳಿದರೆ ಆ ಮಾರ್ಗಸೂಚಿಯೂ ಶಸ್ತ್ರಚಿಕಿತ್ಸೆಯತ್ತ ನೋಡುತ್ತದೆ. ಆದರೆ ಮಾರ್ಗಸೂಚಿಯ ಮೊದಲ ಹೆಜ್ಜೆಯಲ್ಲಿ ಉಪಕರಣವಿನ್ನೂ ಬೇರಿಗಿಳಿದಿರುವುದಿಲ್ಲ. ರೋಗಿಯ ಕೈಗೆ ಕನ್ನಡಿ ಕೊಟ್ಟು, ಹಲ್ಲುಸಂದಿನ ಸಣ್ಣ ಬ್ರಶ್ ಯಾವ ಸಂದಿಗೆ ಯಾವ ಅಳತೆಯದು ಎಂದು ತೋರಿಸುವುದೇ ಅಲ್ಲಿ ಕೆಲಸ.