ನೆಲದಿಂದ ಬೆಂಚಿಗೆ ಎದ್ದ ಬಡಗಿ ಕೆಲಸ

1948ರಲ್ಲಿ ಬೆಂಗಳೂರಿನ ಜಯನಗರ ಬಡಾವಣೆ ಶುರುವಾದ ಕಾಲಕ್ಕೆ, ಮನೆ ಏಳುವ ಸೈಟೇ ಬಡಗಿಯ ಕಾರ್ಯಾಗಾರ. ಆತ ನೆಲದ ಮೇಲೆ ಕೂತು, ಹಲಗೆಯನ್ನು ಪಾದದಲ್ಲಿ ಒತ್ತಿ ಹಿಡಿದು, ಬಾಚಿಯಲ್ಲಿ ಕೆತ್ತಿ, ಕೀಸುಳಿ ಎಳೆಯುತ್ತಿದ್ದ. ಕಾಲೇ ಅವನ ವೈಸು.

ಯುರೋಪಿನ ಕಥೆ ಬೇರೆ. ಫ್ರಾನ್ಸಿನ ಆಂದ್ರೆ ರೂಬೊ 1769ರಿಂದ ಹೊರತಂದ ಮರಗೆಲಸದ ಗ್ರಂಥದಲ್ಲೇ ದಪ್ಪ ಹಲಗೆಯ ಭಾರಿ ಬೆಂಚಿನ ವಿವರಣೆಯಿದೆ. ನಮ್ಮಲ್ಲಿ ನಿಂತು ಕೆಲಸ ಮಾಡುವ ರೂಢಿಯನ್ನು ಬೆಳೆಸಿದ್ದು ಹೆಚ್ಚಾಗಿ ಕೈಗಾರಿಕಾ ಶಾಲೆಗಳು, ಆಮೇಲೆ ಐಟಿಐಗಳು.

ಕೆಲಸದ ಭಂಗಿಯಂತೆ ಮರವೂ ಬದಲಾಯಿತು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಕಾಡಿನ ಮರ ಕಡಿತಕ್ಕೆ ಕಡಿವಾಣ ಹಾಕಿತು. ಮೊದಲೇ ದುಬಾರಿಯಾಗಿದ್ದ ತೇಗದ ಬದಲು ಪ್ಲೈವುಡ್ ಮನೆಮನೆಗೂ ಬಂತು.

ಈಗ ಜೆ.ಪಿ. ನಗರ, ಬನಶಂಕರಿಯ ಗ್ಯಾರೇಜಿನಲ್ಲಿ ಹವ್ಯಾಸಿಗಳು ಕಟ್ಟಿಕೊಳ್ಳುವ, ಕೆಳಗೆ ಡ್ರಾಯರುಗಳಿರುವ ಕಪಾಟು ಬೆಂಚಿಗೂ ಪ್ಲೈವುಡ್ಡೇ ಆಧಾರ: ಒಣ ಜಾಗಕ್ಕೆ ಭಾರತೀಯ ಮಾನಕ (ಐಎಸ್) 303ರ ಪ್ಲೈವುಡ್ ಸಾಕು, ನೀರು ತಾಗುವಲ್ಲಿ ಐಎಸ್ 710. ಕಪಾಟಿನೊಳಗಿನ ಉಪಕರಣಗಳ ಭಾರವೇ ಕೀಸುವಾಗ ಬೆಂಚು ಜರುಗದಂತೆ ತಡೆಯುತ್ತದೆ. ಆದರೆ ಮೇಲ್ಹಲಗೆಗೂ ಡ್ರಾಯರಿಗೂ ನಡುವೆ ಒಂದು ಗೇಣು ಖಾಲಿ ಬಿಡಬೇಕು. ಇಲ್ಲದಿದ್ದರೆ ಕ್ಲ್ಯಾಂಪು ಹಿಡಿಯಲು ಜಾಗವೇ ಇರದು. ಮೇಲ್ಹಲಗೆ ಗಟ್ಟಿ ಮರದ್ದಾದರೆ ಸ್ಕ್ರೂ ತೂತನ್ನು ಅಡ್ಡಕ್ಕೆ ಉದ್ದ ಮಾಡುವುದು ಜಾಣತನ, ಮಳೆಗಾಲದಲ್ಲಿ ಮರ ಉಬ್ಬುತ್ತದೆ.

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯುವ ಫ್ರೆಂಚ್ ಪಾಲಿಶು ಬೀರುವಿಗೆ ಚೆಂದ, ಬೆಂಚಿಗೆ ವ್ಯರ್ಥ: ಹೊಳಪು ಹೆಚ್ಚಿದಷ್ಟೂ ಹಲಗೆ ಜಾರುತ್ತದೆ. ಅಗಸೆ ಎಣ್ಣೆಯ ಎರಡು ಕೈ ಸಾಕು. ಎಣ್ಣೆ ಒರೆಸಿದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು, ಮುದ್ದೆ ಮಾಡದೆ ಹರವಿ ಒಣಗಿಸಬೇಕು.